ಎರಡು ಸುತ್ತು ತಿರುಗಿಸಿದ ನಟ್ಟು

ಇದನ್ನು ಹೇಳಿಬಿಡಬೇಕು ಎಂದುಕೊಂಡು ಎಷ್ಟೋ ವರ್ಷಗಳಾದವು. ಪ್ರತಿ ಸಲವೂ ಒಂದು ನೆವ ಸಿಗುತ್ತಿತ್ತು. ಮಗಳ ಮದುವೆ ಮುಗಿಯಲಿ, ಮೊಣಕಾಲಿನ ಆಪರೇಷನ್ ಆಗಲಿ... ಈಗ ನೆವಗಳೂ ಮುಗಿದಿವೆ. ಹೋದ ವಾರ ಮಗನ ಕಾರನ್ನು ರಿಪೇರಿಗೆ ಕೊಟ್ಟು ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದೆ. ಯಾರೋ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದರು. ಸ್ವಲ್ಪ ಸಿಹಿ, ಸ್ವಲ್ಪ ಮೀನು ತೊಳೆದ ನೀರಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಿಂದೆ ನನ್ನ ಗಾಡಿ ರಿಪೇರಿ ಮಾಡಿದ ಮೇಸ್ತ್ರಿ ನೆನಪಾದರು. ಮೊದಲು ಬಂದದ್ದು ದುಃಖವಲ್ಲ, ಅದೇ ಹಳೆಯ ಕಿರಿಕಿರಿ. ಈ ಮನುಷ್ಯ ಇವತ್ತಾದರೂ ಗಾಡಿ ಬಿಟ್ಟುಕೊಡುತ್ತಾರೋ ಇಲ್ಲವೋ ಎಂಬ ಕಿರಿಕಿರಿ.

ಎಂಬತ್ತರ ದಶಕದ ಕೊನೆಯ ಮಾತು. ನನ್ನಲ್ಲೊಂದು ಪಿಕಪ್ ಇತ್ತು. ಮಂಗಳೂರಿನಿಂದ ಹಂಚು ತಂದು ಪುತ್ತೂರು, ಸುಳ್ಯ, ಕಡಬದ ಕಡೆ ಮನೆ ಕಟ್ಟುವವರಿಗೆ ಮುಟ್ಟಿಸುವುದು ನನ್ನ ಕಸುಬು. ಒಂದು ಟ್ರಿಪ್ಪಿಗೆ ಇನ್ನೂ ನೂರು ಹಂಚು ಹೆಚ್ಚು ಹೋಗಲಿ ಎಂದು ಹಿಂದಿನ ಸ್ಪ್ರಿಂಗುಗಳಿಗೆ ಎರಡೆರಡು ಉಕ್ಕಿನ ಪಟ್ಟಿ ಸೇರಿಸಿದೆ. ಅಂದಿನಿಂದ ಲೋಡಿದ್ದಾಗ ಬ್ರೇಕು ಸರಿಯಾಗಿ ಹಿಡಿಯಲಿಲ್ಲ. ಬ್ರೇಕಿನ ಶೂ ಬದಲಾಯಿಸಿದೆ, ಆಯಿಲ್ ಬದಲಾಯಿಸಿದೆ, ಪ್ರಯೋಜನವಿಲ್ಲ. ಕೊನೆಗೆ ನರಿಮೊಗರಿಗೆ ಹೋಗುವ ದಾರಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದ ಮೇಸ್ತ್ರಿಯ ಬಳಿ ಹೋದೆ. ಬ್ರೇಕಿನ ಕೆಲಸವೆಂದರೆ ಅವರೇ ಎಂದು ಆಗ ಪುತ್ತೂರಿನ ಡ್ರೈವರುಗಳೆಲ್ಲ ಹೇಳುತ್ತಿದ್ದರು.

ಗಾಡಿಯ ಅಡಿಗೆ ತೂರಿ ಅರ್ಧ ಗಂಟೆ ಕಳೆದು ಹೊರಗೆ ಬಂದರು.

"ರೈಗಳೇ, ನಿಮ್ಮ ಗಾಡಿಗೆ ಲೋಡು ಹಾಕಿದ್ದು ಗೊತ್ತೇ ಆಗುದಿಲ್ಲ."

"ಒಳ್ಳೇದೇ ಆಯ್ತಲ್ಲ ಮೇಸ್ತ್ರಿ."

"ನಿಮಗೆ ಒಳ್ಳೇದು. ಬ್ರೇಕಿಗೆ ಗೊತ್ತಾಗ್ಬೇಕಲ್ಲ ಮಾರಾಯ್ರೆ!"

ವಿಷಯ ಇಷ್ಟು. ಆ ಗಾಡಿಯ ಹಿಂಭಾಗದಲ್ಲಿ, ಅಡಿಯ ಚೌಕಟ್ಟಾದ ಚಾಸಿಗೆ ಅಂಟಿಕೊಂಡು, ಮುಷ್ಟಿಯಷ್ಟು ದೊಡ್ಡದೊಂದು ವಾಲ್ವ್ ಇತ್ತು. ಅದರಿಂದ ಒಂದು ಸಣ್ಣ ಸರಳು ಹಿಂದಿನ ಆಕ್ಸೆಲಿಗೆ ಹೋಗುತ್ತಿತ್ತು. ಲೋಡು ಬಿದ್ದು ಬಾಡಿ ಕೆಳಗೆ ಕೂತಷ್ಟೂ ಸರಳು ಅದನ್ನು ಒತ್ತಿ ಹಿಂದಿನ ಚಕ್ರಗಳಿಗೆ ಹೆಚ್ಚು ಬ್ರೇಕು ಕೊಡಿಸುತ್ತದೆ. ಖಾಲಿ ಇದ್ದಾಗ ಕಡಿಮೆ ಕೊಡಿಸುತ್ತದೆ, ಇಲ್ಲದಿದ್ದರೆ ಹಿಂದಿನ ಚಕ್ರ ಉರುಳದೆ ಕಟ್ಟಿಕೊಂಡು ಗಾಡಿಯ ಬಾಲ ತಿರುಗುತ್ತದೆ. ನಾನು ಪಟ್ಟಿ ಸೇರಿಸಿದ ಮೇಲೆ ಬಾಡಿ ಕೂರುವುದೇ ನಿಂತಿತ್ತು. ಟನ್ನುಗಟ್ಟಲೆ ಹಂಚು ಹೇರಿದರೂ ಗಾಡಿ ಖಾಲಿ ಇದೆಯೆಂದೇ ಆ ವಾಲ್ವಿನ ಲೆಕ್ಕ.

ಸರಳಿನ ತುದಿಯಲ್ಲಿ ಒಂದು ನಟ್ಟು. ಅದನ್ನು ತಿರುಗಿಸಿ ಸರಿಮಾಡಬೇಕು. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಮೇಸ್ತ್ರಿ ಮೂರು ದಿನ ತೆಗೆದುಕೊಂಡರು. ಮೊದಲು ಖಾಲಿ ಗಾಡಿ ತನ್ನಿ ಎಂದರು. ಗೆರೆ ಕೊರೆದ ಬಿದಿರಿನ ಕೋಲಿನಿಂದ ಬಾಡಿಯ ಎತ್ತರ ಅಳೆದರು. ಮರುದಿನ ಲೋಡು ಸಮೇತ ಬನ್ನಿ ಎಂದರು. ಮತ್ತೆ ಅಳೆದರು. ಆಮೇಲೆ ಅರ್ಧ ಲೋಡು! ನಾನು ಹಂಚನ್ನು ಇಳಿಸಿ ಹತ್ತಿಸಿ ಸುಸ್ತಾಗಿ, "ಜಾಕಿ ಕೊಟ್ಟು ಒಂದೇ ಸಲ ನೋಡಿ ಮುಗಿಸ್ಬಾರ್ದಾ?" ಎಂದು ರೇಗಿದೆ.

"ಜಾಕಿಯಲ್ಲಿ ನಿಂತ ಗಾಡಿ ಸುಳ್ಳು ಹೇಳ್ತದೆ ರೈಗಳೇ. ತನ್ನ ಕಾಲಲ್ಲಿ ನಿಲ್ಲಬೇಕು."

ಪ್ರತಿ ಸಲ ನಟ್ಟು ಕಾಲು ಸುತ್ತು ತಿರುಗಿಸಿ, ಮಣ್ಣಿನ ರಸ್ತೆಯಲ್ಲಿ ನನ್ನಿಂದ ಬ್ರೇಕು ಹಾಕಿಸಿ, ಚಕ್ರದ ಗುರುತು ನೋಡುತ್ತಾ ಬಗ್ಗಿ ನಡೆಯುತ್ತಿದ್ದರು. ಯಾರದೋ ಕಿವಿಯೋಲೆ ಕಳೆದುಹೋದಂತೆ! ದಾರಿಹೋಕರೂ ನಿಂತು ಹುಡುಕತೊಡಗಿದರು. ಕೊನೆಗೆ ನಟ್ಟಿಗೂ ಸರಳಿಗೂ ಸೇರಿಸಿ ಕೆಂಪು ಪೇಂಟಿನ ಒಂದು ಗೆರೆ ಎಳೆದು, "ಈಗ ಲೋಡಿಗೆ ಸರಿ ಉಂಟು. ಖಾಲಿ ಹೋಗುವಾಗ ಹಿಂದೆ ಜೋರು ಹಿಡೀತದೆ, ಮೆಲ್ಲ ಹೋಗಿ. ಎರಡೂ ಸರಿಯಾಗ್ಬೇಕಾದ್ರೆ ಆ ಪಟ್ಟಿ ತೆಗೀರಿ" ಎಂದರು. ನಾನು ಪಟ್ಟಿ ತೆಗೆಯಲಿಲ್ಲ.

ಒಂದು ವಾರ ಲೋಡಿನಲ್ಲಿ ಬ್ರೇಕು ಎಷ್ಟು ಚೆನ್ನಾಗಿತ್ತೆಂದರೆ... ಅದನ್ನು ಒಪ್ಪಿಕೊಳ್ಳಲೂ ನನಗೆ ಮನಸ್ಸಿರಲಿಲ್ಲ. ಆಮೇಲೆ ಸುಳ್ಯದಲ್ಲಿ ಹಂಚು ಇಳಿಸಿ ಖಾಲಿ ಬರುತ್ತಿದ್ದಾಗ ಜಾಲ್ಸೂರಿನ ಹತ್ತಿರ ಒಂದು ಕರು ಅಡ್ಡ ಬಂತು. ಬ್ರೇಕು ತುಳಿದೆ. ರಸ್ತೆ ಒದ್ದೆಯಾಗಿತ್ತು. ಗಾಡಿ ಗಿರಕಿ ಹೊಡೆದು, ಬಂದ ದಾರಿಗೇ ಮುಖ ಮಾಡಿ ನಿಂತಿತು. ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದವನೊಬ್ಬ ಗ್ಲಾಸು ಹಿಡಿದುಕೊಂಡೇ ಹೊರಬಂದು, "ಎಂತ ರೈಗಳೇ, ಸುಳ್ಯದಲ್ಲಿ ಎಂತಾದ್ರು ಮರೆತು ಬಂದ್ರಾ?" ಎಂದ. ಹೋಟೆಲಿಗೆ ಹೋಟೆಲೇ ನಕ್ಕಿತು.

ಮನೆಗೆ ಬಂದವನೇ ಸ್ಪಾನರ್ ಹಿಡಿದು ಗಾಡಿಯ ಅಡಿಗೆ ಮಲಗಿದೆ. ಕಾಲು ಸುತ್ತಿನ ಮಾತಿಲ್ಲ, ಸಿಟ್ಟಿನಲ್ಲಿ ಹಿಂದಕ್ಕೆ ಎರಡು ಸುತ್ತು ತಿರುಗಿಸಿದೆ. ಸ್ಪಾನರ್ ಜಾರಿ ಬಲಗೈಯ ಗೆಣ್ಣುಗಳ ಸಿಪ್ಪೆ ಹೋಯಿತು. ಖಾಲಿ ಓಡಿಸಿ ನೋಡಿದೆ, ಬಾಲ ತಿರುಗಲಿಲ್ಲ. ಮೂರು ದಿನದ ಕೆಲಸ ಮೂರು ನಿಮಿಷದಲ್ಲಾಯಿತು ಎಂದು ಹೆಮ್ಮೆಪಟ್ಟುಕೊಂಡೆ. ಲೋಡು ಹಾಕಿ ನೋಡಲಿಲ್ಲ.

ಎರಡು ದಿನ ಕಳೆದು ಹಂಚು ಹೇರಿಕೊಂಡು ಕಡಬಕ್ಕೆ ಹೊರಟೆ. ಪಕ್ಕದಲ್ಲಿ ಹಂಚು ಇಳಿಸುವ ಆಳು ಕುಳಿತಿದ್ದ. ರಾಮಕುಂಜದ ಹತ್ತಿರದ ಒಂದು ಇಳಿಜಾರಿನಲ್ಲಿ ಬ್ರೇಕು ತುಳಿದರೆ ಗಾಡಿ ನಿಲ್ಲುವ ಲಕ್ಷಣವೇ ಇಲ್ಲ. ಮುಂದಿನ ಚಕ್ರಗಳಿಂದ ಸುಟ್ಟ ವಾಸನೆ. ಚರಂಡಿಗೆ ಇಳಿಸಿದೆ. ಗಾಡಿ ಮಗುಚಿತು. ನನಗೆ ಏನೂ ಆಗಲಿಲ್ಲ. ಅವನ ಕಾಲು ಮುರಿಯಿತು. ಓಡಿ ಬಂದವರು ಎಂತಾಯ್ತೆಂದು ಕೇಳಿದಾಗ ನಾನು ಹೇಳಿದೆ: "ಬ್ರೇಕು ಹಿಡೀಲಿಲ್ಲ. ಹೋದ ವಾರವಷ್ಟೇ ಮೇಸ್ತ್ರಿ ಮುಟ್ಟಿದ್ದು."

ಎರಡೂ ನಿಜವೇ. ಅಷ್ಟೇ ಸಾಕಾಯಿತು.

ಗಾಡಿಯನ್ನು ಎಳೆಸಿ ಪುತ್ತೂರಿಗೆ ತಂದು, ನಾವೆಲ್ಲ ಪಿಕಪ್ ನಿಲ್ಲಿಸುತ್ತಿದ್ದ ಸ್ಟ್ಯಾಂಡಿನ ಮೂಲೆಯಲ್ಲಿ ಇಟ್ಟಿದ್ದೆ. ಮರುದಿನ ಬೆಳಿಗ್ಗೆ ಮೇಸ್ತ್ರಿ ತಾವಾಗಿಯೇ ಬಂದರು. ನೇರ ಗಾಡಿಯ ಅಡಿಗೆ ತೂರಿದರು. ಡ್ರೈವರುಗಳೆಲ್ಲ ಸುತ್ತ ಸೇರಿದರು.

"ರೈಗಳೇ, ಕೆಂಪು ಗೆರೆ ಜಾರಿದೆ. ನಟ್ಟು ಯಾರೋ ತಿರುಗಿಸಿದ್ದಾರೆ."

ಸ್ಟ್ಯಾಂಡಿನಲ್ಲಿ ಹತ್ತನೇ ಕ್ಲಾಸು ಪಾಸಾದವನು ನಾನೊಬ್ಬನೇ. ದಿನಾ ಬೆಳಿಗ್ಗೆ ಎಲ್ಲರಿಗೂ ಪೇಪರು ಓದಿ ಹೇಳುತ್ತಿದ್ದವನು. ನನ್ನ ಮಾತಿಗೆ ಅಲ್ಲೊಂದು ತೂಕವಿತ್ತು.

"ಯಾರು ತಿರುಗಿಸುದು? ನಾನಾ? ನನಗೆ ಪೇಪರು ಓದ್ಲಿಕ್ಕೆ ಗೊತ್ತುಂಟು, ಸ್ಪಾನರ್ ಹಿಡೀಲಿಕ್ಕೆ ಗೊತ್ತಿಲ್ಲ. ಮೂರು ದಿನ ಕೋಲು ಹಿಡಿದು ಅಳೆದ್ರಲ್ಲ ಮೇಸ್ತ್ರಿ, ಇದನ್ನೇ ಅಳೆದದ್ದಾ?"

ಎಲ್ಲರೂ ನಕ್ಕರು. ಮೇಸ್ತ್ರಿ ನನ್ನ ಬಲಗೈ ನೋಡಿದರು. ಗೆಣ್ಣಿನ ಗಾಯ ಇನ್ನೂ ಹಸಿಯಾಗಿತ್ತು. ಸ್ಪಾನರ್ ಜಾರಿದರೆ ಎಲ್ಲಿ ತರಚುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾನು ಕೈಯನ್ನು ಕಿಸೆಗೆ ಹಾಕಿಕೊಂಡೆ. ಅವರು ಚೀಲ ಎತ್ತಿಕೊಂಡು ಹೋದರು.

ಆ ಕೈಯನ್ನು ಅಲ್ಲೇ ಹಿಡಿದೆತ್ತಿ ನಾಲ್ಕು ಜನರಿಗೆ ತೋರಿಸಬಾರದಿತ್ತೇ? ಯಾಕೆ ಸುಮ್ಮನಾದರು? ಇವತ್ತಿಗೂ ಅದಕ್ಕೇ ನನಗೆ ಸಿಟ್ಟು. ಅವರ ಮೇಲೆ ಸಿಟ್ಟಾಗುವುದು ನನಗೆ ಎಷ್ಟು ಸಲೀಸು ನೋಡಿ...

ಅಂದಿನಿಂದ ಪಿಕಪ್‌ನವರು ಅವರ ಶೆಡ್ಡಿಗೆ ಹೋಗುವುದನ್ನು ಬಿಟ್ಟರು. ಆಮೇಲೆ ಜೀಪಿನವರೂ ಬಿಟ್ಟರು. ಒಂದು ವರ್ಷದೊಳಗೆ ಶೆಡ್ಡು ಮುಚ್ಚಿತು. ಕಾಲು ಮುರಿದುಕೊಂಡವನಿಗೆ ಮುಂದೊಂದು ದಿನ ನಿಜ ಹೇಳಿದೆ. ಅವನು ಚೆನ್ನಾಗಿ ಬೈದ, ಆಮೇಲೆ ಎಂದಿನಂತೆ ಮಾತಾಡಿದ. ಮೇಸ್ತ್ರಿಗೆ ಮಾತ್ರ ಹೇಳಲಾಗಲಿಲ್ಲ. ಅವಕಾಶವಿರಲಿಲ್ಲ ಎಂದಲ್ಲ. ಒಮ್ಮೆ ಸುಳ್ಯದ ಬಸ್ ಸ್ಟ್ಯಾಂಡಿನ ಹತ್ತಿರ, ಇನ್ನೊಬ್ಬರ ಅಂಗಡಿಯಲ್ಲಿ ಅವರು ಪಂಕ್ಚರ್ ಹಾಕುತ್ತಿದ್ದರು. ನನ್ನನ್ನು ಕಂಡು ಅವರೇ ಎದ್ದು ಬಂದರು.

"ಆ ಪಟ್ಟಿ ತೆಗೆದ್ರಾ ರೈಗಳೇ?"

"ತೆಗೆದೆ ಮೇಸ್ತ್ರಿ, ಆವಾಗ್ಲೇ ತೆಗೆದೆ" ಎಂದು ರೇಗಿ ಬಸ್ಸು ಹತ್ತಿದೆ. ತೆಗೆದಿರಲಿಲ್ಲ.

ಅವರು ತೀರಿಕೊಂಡದ್ದು ತಿಳಿದದ್ದೂ ಬಸ್ಸಿನಲ್ಲೇ, ಅವರು ಹೋಗಿ ಎಷ್ಟೋ ತಿಂಗಳಾದ ಮೇಲೆ. ಮುಂದಿನ ಸೀಟಿನಲ್ಲಿ ಒಬ್ಬ ಇನ್ನೊಬ್ಬನಿಗೆ ಸುದ್ದಿ ಹೇಳುತ್ತಿದ್ದ. ಹೆಸರು ಹೇಳಿದರೆ ಆ ಇನ್ನೊಬ್ಬನಿಗೆ ಗುರುತು ಹತ್ತಲಿಲ್ಲ. "ಅದೇ ಮಾರಾಯ, ಹಂಚಿನ ಗಾಡಿಯ ಬ್ರೇಕು ಹಾಳು ಮಾಡಿದ ಮೇಸ್ತ್ರಿ" ಎಂದ ಮೇಲೆ, "ಓ, ಅವರಾ" ಎಂದ. ನಾನು ಹಿಂದೆಯೇ ಕುಳಿತಿದ್ದೆ. ನನ್ನ ಸ್ಟಾಪು ಬಂತು, ಇಳಿದೆ.

ಕಾರಿನ ಕೆಲಸ ಮುಗಿದಿದೆ ಎಂದು ಹೋದ ವಾರ ರಿಪೇರಿಯವರು ಎರಡು ಸಲ ಕರೆದರಂತೆ, ನನಗೆ ಕೇಳಿಸಲಿಲ್ಲ. ಬ್ರೇಕು ಹಾಳು ಮಾಡಿದ್ದು ಮೇಸ್ತ್ರಿಯಲ್ಲ. ನಟ್ಟು ತಿರುಗಿಸಿದ್ದು ನಾನು, ಇಲ್ಲವೆಂದು ನಾಲ್ಕು ಜನರ ಎದುರು ಹೇಳಿದ್ದೂ ನಾನು. ಅಂದು ಸ್ಟ್ಯಾಂಡಿನಲ್ಲಿ ನಕ್ಕವರು ಯಾರಾದರೂ ಇನ್ನೂ ಇದ್ದರೆ ಅವರಿಗೂ ಇದು ಗೊತ್ತಾಗಲಿ. ಕೇಳಲು ಮೇಸ್ತ್ರಿಯೇ ಇಲ್ಲ. ನಾನು ಕ್ಷಮೆ ಕೇಳದೆ ಉಳಿದದ್ದು ಹಸನಬ್ಬ ಮೇಸ್ತ್ರಿಯಲ್ಲಿ.