ಹಿಡಿದರೆ ಫೌಲ್

ಹೆಂಡತಿ ತೀರಿಕೊಂಡ ಮೇಲೆ ನನಗೆ ಕೂತಲ್ಲಿ ಕೂಡಲು ಆಗುತ್ತಿರಲಿಲ್ಲ. ಮಗಳು ಏಕಸಂಬಿಯಿಂದ ಚಿಕ್ಕೋಡಿಗೆ ಕರಾಟೆ ಕಲಿಯಲು ಹೋದಳೆಂದರೆ ತಿರುಗಿ ಬರುವತನಕ ಬಾಗಿಲಲ್ಲೇ ಓಡಾಡುತ್ತಿದ್ದೆ. ಕಡೆಗೆ ಅವಳ ಹೆಸರು ತೆಗೆಸಿಬಿಡೋಣವೆಂದು ಆ ಕ್ಲಾಸಿಗೇ ಹೋದೆ.

"ಕರಾಟೆ ಸಾಕ್ರಿ ಅಕ್ಕೋರ. ಹಂಚು ಒಡಿಯೂದು ಕಲ್ತು ಏನ್ ಮಾಡ್ತಾಳ?" ಅಂದೆ.

ಕಲಿಸುವ ಅಕ್ಕೋರು ನಕ್ಕರು. "ಇದು ಕರಾಟೆ ಅಲ್ರಿ ಕಾಕಾ, ಟೇಕ್ವಾಂಡೊ. ನಮ್ಮಲ್ಲಿ ಹಂಚು ಒಡಿಸೂದಿಲ್ಲ. ಇದು ಹೆಚ್ಚಾಗಿ ಕಾಲಿನ ಆಟ. ನೀವ ನೋಡ್ರಿ" ಎಂದು ಒದೆಯಲು ಇಟ್ಟಿದ್ದ ದಪ್ಪ ಪ್ಯಾಡನ್ನು ನನ್ನ ಕೈಗೆ ಕೊಟ್ಟರು.

ಮಗಳು ಎದುರಿಗೆ ನಿಂತು ಕಾಲು ಬೀಸಿದಳು. ನಾನು ಹರೆಯದಲ್ಲಿ ಕುಸ್ತಿ ಹಿಡಿದವನು. ಪ್ಯಾಡ್ ಬಿಟ್ಟು ಆ ಕಾಲನ್ನೇ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದುಬಿಟ್ಟೆ. ಜೊತೆಗೆ ಕಲಿಯುವ ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

"ಬಿಡಪಾ! ಇದರಾಗ ಹಿಡಿದ್ರ ಫೌಲ್!" ಎಂದು ಮಗಳು ಒಂಟಿಕಾಲಲ್ಲಿ ಕುಂಟತೊಡಗಿದಳು.

"ಬಿಟ್ರ ಬೀಳ್ತಿ ಬೇ."

"ನೀ ಹಿಡಿದಿದ್ದಕ್ಕ ಬೀಳಾಕತ್ತೇನಿ!"

ಬಿಟ್ಟೆ. ಅವಳು ನೆಟ್ಟಗೆ ನಿಂತಳು.

ಹೆಸರು ತೆಗೆಸುವ ಮಾತು ಮತ್ತೆ ಎತ್ತಲಿಲ್ಲ. "ಕುಸ್ತಿ ಆಗಿದ್ರ ನಾನ ಗೆಲ್ತಿದ್ನಿರಿ" ಎಂದು ಅಕ್ಕೋರಿಗೆ ಹೇಳಿ ಹೊರಗೆ ಬಂದೆ.