ಗೀರು ಬೀಳದ ಬ್ಯಾಟು

ಅಪ್ಪನ ಗ್ಯಾರೇಜಿನಲ್ಲಿ ಇಂದು ನನ್ನ ಹಳೆಯ ಬೇಸ್‌ಬಾಲ್ ಬ್ಯಾಟು ಸಿಕ್ಕಿತು. ಹಿಡಿಯ ರಬ್ಬರಿನ ವಾಸನೆ ಹಾಗೇ ಇದೆ. ಮೈಮೇಲೆ ಒಂದು ಗೀರೂ ಇಲ್ಲ.

ಚಿಕ್ಕವಳಿದ್ದಾಗ ಅಮೆರಿಕದ ಡ್ಯಾನ್‌ವಿಲ್‌ನ ಮಕ್ಕಳ ತಂಡದಲ್ಲಿ ನಾನೇ ಎಲ್ಲರಿಗಿಂತ ಗಿಡ್ಡ. ಬ್ಯಾಟು ಹಿಡಿದು ನಿಂತವರು ಗಿಡ್ಡವಿದ್ದರೆ ಎದುರಾಳಿಗೆ ಗುರಿಯಿಟ್ಟು ಚೆಂಡೆಸೆಯುವುದು ಕಷ್ಟ. ನಾಲ್ಕು ಎಸೆತಗಳು ಗುರಿ ತಪ್ಪಿದರೆ ಬ್ಯಾಟು ಬೀಸದೆಯೇ ರನ್ನಿನ ದಾರಿಯ ಮೊದಲ ಬೇಸು ಸಿಗುತ್ತದೆ. ಕೋಚ್ ಪ್ರತಿಸಲ ಬಗ್ಗಿ ಹೇಳುತ್ತಿದ್ದರು: "ಡೋಂಟ್ ಸ್ವಿಂಗ್, ಸ್ವೀಟಿ. ಜಸ್ಟ್ ಸ್ಟ್ಯಾಂಡ್ ದೇರ್." ತಂಡ ಗೆಲ್ಲುತ್ತಿತ್ತು.

ಮೈಸೂರಿನಲ್ಲಿ ಕ್ರಿಕೆಟ್ ಆಡಿ ಬೆಳೆದ ಅಪ್ಪ ಬೇಲಿಯಾಚೆಯಿಂದ ಚಪ್ಪಾಳೆ ತಟ್ಟುತ್ತ ಅಮ್ಮನಿಗೆ ಹೇಳುವರು: "ಎಷ್ಟು ಚೆನ್ನಾಗಿ ಬಾಲ್ ಲೀವ್ ಮಾಡ್ತಾಳೆ ನೋಡೇ. ಏನು ತಾಳ್ಮೆ."

ಒಮ್ಮೆ ಕಾರಿನಲ್ಲಿ, "ಅಪ್ಪಾ, ಐ ವಾಂಟ್ ಟು ಹಿಟ್," ಎಂದೆ.

"ಹೊಡಿಯೋದು ಯಾರಿಗೆ ಬೇಕಾದ್ರೂ ಬರತ್ತೆ ಪುಟ್ಟಿ. ಬಿಡೋದು ಎಲ್ಲರಿಗೂ ಬರಲ್ಲ."

ಬ್ಯಾಟು ಕಂಡು ಅಪ್ಪ ಇಂದು ಮೊಮ್ಮಗನಿಗೆ ನನ್ನ ತಾಳ್ಮೆಯ ಕಥೆ ಶುರು ಮಾಡಿದರು. ನಾನು ಸುಮ್ಮನೆ ನಿಂತು ಕೇಳಿದೆ.