ಡಬ್ಬಿಯ ಮೇಲಿನ ಮುಖಗಳು

ಅನುಸೂಯಾಬಾಯಿಯವರನ್ನು ನಾನು ಮೊದಲು ಕಂಡ ದಿನ ಅವರು ನನಗೆ ಹೇಳಿದ ಮೊದಲ ಮಾತು "ಅಲುಗಬ್ಯಾಡ್ರಿ" ಎಂಬುದು.

ಔರಾದಿನ ಪ್ರೌಢಶಾಲೆಯಿಂದ ನಿವೃತ್ತನಾಗಿ ಬೀದರಿಗೆ ಬಂದು ನೌಬಾದದಲ್ಲಿ ಮನೆ ಮಾಡಿದ್ದ ಹೊಸತು ಅದು. ಮಕ್ಕಳಿಗೆ ಸಂಧಿ ಸಮಾಸ ಕಲಿಸುತ್ತ ಆಯುಷ್ಯ ಕಳೆದವನನ್ನು ಮನೆಯಲ್ಲಿ ಯಾವ ಕೆಲಸಕ್ಕೆ ಹಚ್ಚಬಹುದೆಂದು ನನ್ನ ಹೆಂಡತಿ ಬಹಳ ಯೋಚಿಸಿ, ಕಡೆಗೆ ಜೋಳದ ಡಬ್ಬಿಯನ್ನು ಕೈಗೆ ಕೊಟ್ಟು ಗಿರಣಿಗೆ ಕಳಿಸಿದ್ದಳು. ಡಬ್ಬಿಯನ್ನು ಹೊಸ್ತಿಲ ಬಳಿ ಇಟ್ಟು ನಿಂತೆ. ಒಳಗಿದ್ದ ಹೆಂಗಸು ನಲವತ್ತು ದಾಟಿದವರು. ಹುಬ್ಬಿನವರೆಗೆ ಹಿಟ್ಟು ಮೆತ್ತಿಕೊಂಡಿದ್ದರು. ಅವರು ನನ್ನ ಎಡಗಿವಿಯನ್ನು ನೆಟ್ಟ ನೋಟದಿಂದ ನೋಡಿ ಆ ಮಾತನ್ನು ಹೇಳಿದರು. ಹೆಗಲ ಮೇಲೆ ಚೇಳು ಹತ್ತಿರಬೇಕೆಂದು ತಿಳಿದು ನಾನು ಉಸಿರು ಬಿಗಿಹಿಡಿದು ನಿಂತೆ. ಅವರು ನಿಧಾನವಾಗಿ ಒಂದು ಚೀಟಿಯ ಮೇಲೆ ಪೆನ್ಸಿಲ್ಲು ಆಡಿಸಿ, ಹಿಟ್ಟಿನ ಅಂಟು ಹಚ್ಚಿ ಅದನ್ನು ನನ್ನ ಡಬ್ಬಿಗೆ ಅಂಟಿಸಿದರು. ಚೀಟಿಯಲ್ಲಿ ಎರಡು ದೊಡ್ಡ ಕಿವಿಗಳಿದ್ದವು. ನಡುವೆ ಉಳಿದ ಜಾಗದಲ್ಲಿ ಒಂದು ಕನ್ನಡಕವಿತ್ತು.

"ಹೆಸರು ಬರೆದರೆ ಸಾಲದೇನ್ರಿ?" ಎಂದೆ.

"ಹೆಸರು ಮರೀತದರಿ ಸರ್. ಈ ಓಣ್ಯಾಗ ಶಿವಕುಮಾರ ಅಂಬೋರೇ ಬೇಕಾದಷ್ಟು ಮಂದಿ ಅದಾರ. ಮಾರಿ ಹಾಂಗಲ್ಲರಿ, ಒಬ್ಬರದು ಇದ್ದಂಗ ಇನ್ನೊಬ್ಬರದು ಇರಂಗಿಲ್ಲ."

"ನನ್ನ ಕಿವಿ ಇಷ್ಟು ದೊಡ್ಡವಿಲ್ಲ."

ಬಾಗಿಲ ಪಕ್ಕದ ಹೊರಸಿನ ಮೇಲೆ ಕುಳಿತಿದ್ದ ಮುದುಕಿಯೊಬ್ಬರು ನನ್ನನ್ನು ಒಮ್ಮೆ, ಚೀಟಿಯನ್ನು ಒಮ್ಮೆ ನೋಡಿ, "ಅದಾವ ತಗೋರಿ" ಎಂದರು. ಅವರೇ ಅನುಸೂಯಾಬಾಯಿಯ ಅತ್ತೆ ದಾನಮ್ಮ. ಗಿರಣಿಯ ಮೇಲ್ವಿಚಾರಣೆ ಅವರದು. ಅಂದರೆ ಹೊರಸಿನಿಂದ ಏಳದೆ ಎಲ್ಲರ ತಪ್ಪು ಹೇಳುವುದು. ಮನೆಗೆ ಬಂದು ಡಬ್ಬಿ ಇಳಿಸಿದೆ. ಹೆಂಡತಿ ಚೀಟಿಯನ್ನು ನೋಡಿದಳು. ಯಾರ ಚಿತ್ರವೆಂದು ಕೇಳಲಿಲ್ಲ.

ಅನುಸೂಯಾಬಾಯಿಯ ತವರು ಭಾಲ್ಕಿ. ಅವರ ಶಾಲೆಯ ವೇಳಾಪಟ್ಟಿಯಲ್ಲಿ ಚಿತ್ರಕಲೆಯ ಪಿರಿಯಡ್ಡು ವಾರಕ್ಕೊಮ್ಮೆ ತಪ್ಪದೆ ಇತ್ತು. ಚಿತ್ರಕಲೆಯ ಮಾಸ್ತರರು ಮಾತ್ರ ಇರಲಿಲ್ಲ. ಆ ಹೊತ್ತಿನಲ್ಲಿ ಹುಡುಗಿಯರು ಮೈದಾನದ ಕಸ ಹೆಕ್ಕುತ್ತಿದ್ದರಂತೆ. ಹೀಗೆ ಚಿತ್ರಕಲೆಯಲ್ಲಿ ಭದ್ರವಾದ ತಳಪಾಯ ಹಾಕಿಕೊಂಡು ಮದುವೆಯಾಗಿ ನೌಬಾದಕ್ಕೆ ಬಂದರು. ಗಂಡ ಮಲ್ಲಿಕಾರ್ಜುನಪ್ಪ ಔರಾದಿನ ಬೀಜ-ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಬೆಳಿಗ್ಗೆ ಬಸ್ಸು ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಆದ್ದರಿಂದ ಗಿರಣಿ ಗಂಡನ ಹೆಸರಿನಲ್ಲಿದ್ದು, ದುಡಿತ ಹೆಂಡತಿಯ ಹೆಸರಿನಲ್ಲಿತ್ತು.

ಮಗ ಅವಿನಾಶ ಡಿಪ್ಲೊಮಾ ಓದುವಾಗ ಡ್ರಾಯಿಂಗ್ ಪರೀಕ್ಷೆಗೆಂದು ತಂದ ಚಿತ್ರದ ಪೆನ್ಸಿಲ್ಲನ್ನು, ಆ ಪರೀಕ್ಷೆ ಹೇಗೋ ಪಾಸಾದ ದಿನವೇ ಮೂಲೆಗೆ ಎಸೆದ. ಅಷ್ಟು ಛಲೋ ಪೆನ್ಸಿಲ್ಲು ಹಾಳಾಗಬಾರದೆಂದು ತಾಯಿ ಎತ್ತಿಟ್ಟುಕೊಂಡರು. ಆಮೇಲೆ ಮೊಬೈಲಿನಲ್ಲಿ ಚಿತ್ರ ಕಲಿಸುವ ಒಬ್ಬ ಗುರುವನ್ನು ಹುಡುಕಿಕೊಂಡರು. ಆ ಗುರುವಿನ ಮೊದಲ ಉಪದೇಶ: ಗದ್ದಲವಿಲ್ಲದ ಕೋಣೆ ಇರಬೇಕು, ಉತ್ತರದ ಬೆಳಕು ಬೀಳಬೇಕು, ಒಂದು ತಾಸು ಯಾರೂ ಕರೆಯಬಾರದು. ಅನುಸೂಯಾಬಾಯಿಯ ಬಳಿ ಹತ್ತು ಅಶ್ವಶಕ್ತಿಯ ಮೋಟಾರಿತ್ತು, ಉತ್ತರಕ್ಕೆ ಗೋಡೆ ಇತ್ತು, ಕರೆಯಲು ದಾನಮ್ಮ ಇದ್ದರು. ಎರಡನೆಯ ಉಪದೇಶ ಮೊಟ್ಟೆಯೊಂದನ್ನು ಎದುರಿಗಿಟ್ಟು ಅದರ ನೆರಳು ಬರೆಯುವುದು. ಮನೆಯವರು ಲಿಂಗ ಕಟ್ಟಿಕೊಂಡ ಶರಣರು. ಎದುರಿಗೆ ಇಡದೆ, ಅಂದಾಜಿನ ಮೇಲೆ ಬರೆದ ಮೊಟ್ಟೆಯನ್ನು ಕಂಡೇ ದಾನಮ್ಮ, "ಇದನ್ನ ಯಾವಾಕಿ ತಂದಾಕಿ?" ಎಂದು ಕೇಳಿದರು. ಸೊಸೆ ಕೂಡಲೇ ಅದಕ್ಕೊಂದು ತೊಟ್ಟು ಬರೆದು ಬದನೆಕಾಯಿ ಮಾಡಿದರು. ಕಲೆಯಲ್ಲಿ ಅವರ ಮೊದಲ ಯಶಸ್ಸು ಅದು.

ಆದರೆ ಬದನೆಕಾಯಿ ಬರೆಯಲಿಕ್ಕೂ ಪುರಸೊತ್ತು ಬೇಕು. ರೊಟ್ಟಿ, ಅಂಗಳ, ಗಿರಣಿ, ಮತ್ತೆ ರೊಟ್ಟಿ, ಇವುಗಳ ನಡುವೆ ಅದು ಎಲ್ಲಿಯೂ ಸಿಗಲಿಲ್ಲ. ಕರೆಂಟು ಹೋದಾಗ ನೌಬಾದವೆಲ್ಲ ಶಪಿಸುತ್ತಿತ್ತು. ಗಿರಣಿಯವರೊಬ್ಬರೇ ಮನಸ್ಸಿನಲ್ಲಿ ಕೈ ಮುಗಿಯುತ್ತಿದ್ದರು. ಅದೂ ಸಾಲದಾಗಿ ಅವರಿಗೆ ಒಂದು ಉಪಾಯ ಹೊಳೆಯಿತು. ಚಿತ್ರ ಕಲಿಯಲು ಹೊತ್ತಿಲ್ಲದಿದ್ದರೂ ಡಬ್ಬಿಗೆ ಚೀಟಿ ಬರೆಯಲು ಹೊತ್ತಿತ್ತು. ಅಂದಿನಿಂದ ಚೀಟಿಯಲ್ಲಿ ಹೆಸರಿನ ಬದಲು ಮುಖ ಬಂತು. ಯಾರೂ ಅದನ್ನು ಹವ್ಯಾಸವೆನ್ನುವಂತಿರಲಿಲ್ಲ. ಅದು ಗಿರಣಿಯ ಕೆಲಸ.

"ಇದೊಂದು ಬಿಟ್ಟರ ನಂದು ಅಂಬೋದು ಏನದರಿ ಸರ್?" ಎಂದು ಒಮ್ಮೆ ನನಗೆ ಹೇಳಿದ್ದರು. "ಮುಂಜಾನಿಂದ ಸಂಜಿತನ ಮಂದಿ ಬೇಡಿದ್ದು ಬೀಸಿಕೊಡ್ತೇನಿ. ಮಾರಿ ಬಿಡಿಸು ಅಂತ ಯಾರೂ ಬೇಡಿಲ್ಲ. ಅದಕ್ಕೇ ಛಲೋ ಅನಸ್ತದ."

ಮಲ್ಲಿಕಾರ್ಜುನಪ್ಪನವರಿಗೆ ಇದು ಹಿಡಿಸಿರಲಿಲ್ಲ. "ಗಿರಣಿ ಅದನೋ, ಫೋಟೋ ಸ್ಟುಡಿಯೋ ಅದನೋ? ಒಂದು ತಕರಾರು ಬರಲಿ, ಅವತ್ತೇ ಪೆನ್ಸಿಲ್ ಬಂದ್" ಎಂದಿದ್ದರು. ತಕರಾರು ಎಳ್ಳಮವಾಸ್ಯೆಯ ಹಿಂದಿನ ದಿನ ಬಂತು.

ಅದಕ್ಕೆ ಮೂಲ ಓಣಿಯ ಮಹಿಳಾ ಸಂಘ. ದೀಪಾವಳಿಗೆ ಸಂಘವು ತನ್ನ ಸದಸ್ಯೆಯರಿಗೆಲ್ಲ ಒಂದೇ ಅಚ್ಚಿನ ಸ್ಟೀಲ್ ಡಬ್ಬಿಗಳನ್ನು ಹಂಚಿ, ಯಾರ ಡಬ್ಬಿ ಯಾರದೆಂದು ತಿಳಿಯದಂತಹ ಸಮಾನತೆಯನ್ನು ತಂದಿತ್ತು. ಹಬ್ಬದ ಹಿಂದಿನ ದಿನ ಆ ಡಬ್ಬಿಗಳೆಲ್ಲ ಗಿರಣಿಯಲ್ಲಿ ಸಾಲಾಗಿ ಕುಳಿತವು. ಮಧ್ಯಾಹ್ನ ಹೋದ ಕರೆಂಟು ಸಂಜೆ ಬಂತು. ಅನುಸೂಯಾಬಾಯಿ ಬೀಸುವುದರಲ್ಲಿ ಮುಳುಗಿ, "ಮಾರಿ ನೋಡಿ ನಿಮ್ಮ ನಿಮ್ಮ ಡಬ್ಬಿ ತಗೊಂಡು ಹೋಗ್ರಿ" ಎಂದು ಕೂಗಿದರು. ಗಿರಣಿಯಲ್ಲಿ ಕೂದಲಿಗೆ ಹಿಟ್ಟು ಹಿಡಿಯಬಾರದೆಂದು ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದೇ ನಿಲ್ಲುತ್ತಾರೆ. ಹೀಗಾಗಿ ಚೀಟಿಗಳಲ್ಲಿಯೂ ಎಲ್ಲರ ತಲೆ ಒಂದೇ. ವ್ಯತ್ಯಾಸವಿದ್ದದ್ದು ಮುಖದಲ್ಲಿ ಮಾತ್ರ.

ನನ್ನ ಕಿವಿಗಳ ಮೇಲೆ ಬೇರೆ ಯಾರೂ ಹಕ್ಕು ಹೇಳಲಿಲ್ಲ. ನನ್ನ ಡಬ್ಬಿ ನನಗೆ ಸಿಕ್ಕಿತು. ಹೊರಡುವಷ್ಟರಲ್ಲಿ ಕರುಣಾ ಬಂದಳು. ಹೋದ ವರ್ಷ ಮದುವೆಯಾಗಿ ಓಣಿಗೆ ಬಂದ ಹುಡುಗಿ. ಮರುದಿನ ಅತ್ತೆಯೊಂದಿಗೆ ಮನ್ನಳ್ಳಿಯ ಹೊಲಕ್ಕೆ ಹೋಗಿ ಪೂಜೆ ಮಾಡಿ, ನೈವೇದ್ಯದ ಅಡಿಗೆಯನ್ನು ಬೆಳೆಯ ಮೇಲೆ ಚರಗವೆಂದು ಚೆಲ್ಲಬೇಕು. ಅದಕ್ಕೆ ಸಜ್ಜೆಯ ರೊಟ್ಟಿ ಆ ಸಂಜೆಯೇ ಬಡಿಯಬೇಕು. ಗಿರಣಿಯಲ್ಲಿ ಸಂಘದ ಡಬ್ಬಿ ಒಂದೇ ಒಂದು ಉಳಿದಿತ್ತು.

"ಅಕ್ಕಾ, ಇದು ನಂದಲ್ಲ. ಸುಭದ್ರಾಬಾಯಿ ಅವರದು" ಎಂದಳು ಕರುಣಾ, ಚೀಟಿಯತ್ತ ಒಂದೇ ಸಲ ನೋಡಿ. ಒಳಗೆ ಜೋಳದ ಹಿಟ್ಟಿತ್ತು.

ಸುಭದ್ರಾಬಾಯಿ ನಿವೃತ್ತ ನರ್ಸು, ಅರವತ್ತು ದಾಟಿದವರು. ಕರುಣಾ ಅವರ ಮನೆಗೆ ಓಡಿದಳು. ಅಲ್ಲಿದ್ದದ್ದು ಶಾಕಿರಾ ಬೇಗಂ ಅವರ ಡಬ್ಬಿ, ಒಳಗೆ ಗೋದಿಹಿಟ್ಟು. ದರ್ಜಿ ಅಬ್ದುಲ ಸಮದರ ಹೆಂಡತಿ ಶಾಕಿರಾ ಬೇಗಂ, ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಿ. ಅವರ ಮನೆಗೆ ಓಡಿದರೆ ಅಲ್ಲಿ ಕರುಣಾಳ ಸಜ್ಜೆಹಿಟ್ಟು ಇತ್ತು. ನಡೆದದ್ದು ಇಷ್ಟೇ: ಪ್ರತಿಯೊಬ್ಬರೂ ಸಾಲಿನಲ್ಲಿ ತಮಗಿಂತ ಹದಿನೈದು ಇಪ್ಪತ್ತು ವರ್ಷ ಸಣ್ಣವರ ಮುಖವನ್ನು ನೋಡಿ, ಇದು ನನ್ನದೇ ಎಂದು ಮನಃಪೂರ್ವಕವಾಗಿ ನಂಬಿ ಎತ್ತಿಕೊಂಡು ಹೋಗಿದ್ದರು. ಎಲ್ಲರಿಗಿಂತ ಸಣ್ಣವಳಿಗೆ ಡಬ್ಬಿ ಉಳಿಯಲಿಲ್ಲ. ಎಲ್ಲರಿಗಿಂತ ಹಿರಿಯ ಮುಖಕ್ಕೆ ವಾರಸುದಾರರು ಉಳಿಯಲಿಲ್ಲ.

ಮೂವರೂ ಗಿರಣಿಯಲ್ಲಿ ಕೂಡಿದರು. ನಾನು ಅಲ್ಲಿಯೇ ನಿಂತೆ. ಇಂಥ ಸಭೆಯನ್ನು ಬಿಟ್ಟು ಹೋಗುವುದು ಸಭ್ಯತೆಯಲ್ಲ.

"ಈ ಮುದುಕಿ ನಾನೇನ?" ಎಂದರು ಸುಭದ್ರಾಬಾಯಿ. "ಗಲ್ಲದ ಮ್ಯಾಲ ಇಷ್ಟು ಗೆರಿ ಎಲ್ಲಿ ಅದಾವ ಹೇಳ್ರಿ?"

"ಬಾಯಿ, ನಿಮ್ಮದು ಹೂಬಹೂ ಬಂದದರಿ, ಏನೂ ಫರಕಿಲ್ಲ" ಎಂದರು ಶಾಕಿರಾ ಬೇಗಂ. "ನಂದೇ ಗಲತ್ ಆಗ್ಯದ. ನೋಡ್ರಿ, ಗದ್ದ ಎರಡು ಮಾಡ್ಯಾಳ."

"ಎರಡೇ ಅದಾವಲ್ರಿ ನಿಮಗ" ಎಂದರು ಸುಭದ್ರಾಬಾಯಿ.

"ನಂದು ಛಲೋ ಬಂದದ ಅಕ್ಕಾ" ಎಂದಳು ಕರುಣಾ. "ಮೂಗೊಂದೇ ಸ್ವಲ್ಪ ಉದ್ದ ಆಗ್ಯದ."

"ಉದ್ದೇ ಅದ" ಎಂದರು ಉಳಿದಿಬ್ಬರು ಒಟ್ಟಿಗೆ. ಆ ಸಂಜೆ ಅವರು ಒಮ್ಮತಕ್ಕೆ ಬಂದ ವಿಷಯ ಅದೊಂದೇ.

ಈ ಹೊತ್ತಿಗೆ ಔರಾದಿನ ಬಸ್ಸಿನಿಂದ ಇಳಿದ ಮಲ್ಲಿಕಾರ್ಜುನಪ್ಪ ಬಾಗಿಲಿಗೆ ಬಂದರು. ಎಲ್ಲವನ್ನೂ ಕೇಳಿದರು. ಹೆಂಡತಿಯ ಮುಂದೆ ಕೈ ಚಾಚಿ, "ನಾಳಿಂದ ಹೆಸರು ಬರಿ. ಪೆನ್ಸಿಲ್ ಇತ್ತ ಕೊಡು" ಎಂದರು. ಅನುಸೂಯಾಬಾಯಿ ಕೊಟ್ಟರು. ಗಿರಣಿಯ ಕಡೆ ತಿರುಗಿ, ಈಗಾಗಲೇ ಬೀಸಿ ಮುಗಿದಿದ್ದ ಕಾಳನ್ನು ಬೀಸಲು ನಿಂತರು.

ಮರುದಿನದಿಂದ ಆ ಪೆನ್ಸಿಲ್ಲು ಗಂಡನ ಅಂಗಿಯ ಜೇಬಿನಲ್ಲಿ ಕುಳಿತು ಔರಾದಿಗೆ ಹೋಗಿಬರತೊಡಗಿತು. ಗೊಬ್ಬರದ ಲೆಕ್ಕವನ್ನು ಪೆನ್ನಿನಿಂದ ಬರೆಯುತ್ತಾರೆ. ಆದ್ದರಿಂದ ಅದಕ್ಕೆ ಅಲ್ಲಿ ಕೆಲಸವೇನೂ ಇರಲಿಲ್ಲ. ಗಿರಣಿಯ ಚೀಟಿಗಳಲ್ಲಿ ಬಾಲ್‌ಪೆನ್ನಿನ ಹೆಸರುಗಳು ಬಂದವು. ಯಾರ ಡಬ್ಬಿಯೂ ತಪ್ಪಲಿಲ್ಲ, ಯಾರೂ ನಗಲಿಲ್ಲ. ಕರೆಂಟು ಹೋದಾಗ ಅನುಸೂಯಾಬಾಯಿ ಕೈ ಮಡಿಲಲ್ಲಿಟ್ಟುಕೊಂಡು ಕೂಡುತ್ತಿದ್ದರು, ಇಲ್ಲವೆ ಹಿಟ್ಟು ಹರಡಿದ ಕಟ್ಟೆಯ ಮೇಲೆ ಬೆರಳಿನಿಂದ ಏನೋ ಗೀಚಿ ಅಳಿಸುತ್ತಿದ್ದರು. ಮಾತು ಕಡಿಮೆಯಾಯಿತು.

ಇದು ಮೊದಲು ತಟ್ಟಿದ್ದು ದಾನಮ್ಮನವರಿಗೆ. ಸೊಸೆಯ ಮೇಲಿನ ಕನಿಕರವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಹೆಸರುಗಳನ್ನು ನೋಡಿ ಟೀಕೆ ಮಾಡಲು ಬರುವುದಿಲ್ಲ. ಮುಖಗಳಿದ್ದಾಗ ದಿನವಿಡೀ ಕೆಲಸವಿತ್ತು.

"ಊರ ಮಂದಿದೆಲ್ಲ ಮಾರಿ ಬಿಡಿಸಿದಿ. ನಂದು ಬಿಡಸಲಿಲ್ಲ ನೋಡು" ಎಂದರು ಒಂದು ದಿನ.

"ನಿಮ್ಮ ಡಬ್ಬಿ ಇಲ್ಲಲ್ರಿ ಅತ್ತಿ."

"ಡಬ್ಬಿ ಇದ್ದವರಿಗಷ್ಟೇ ಮಾರಿ ಇರ್ತದೇನ?"

"ಪೆನ್ಸಿಲ್ ಇಲ್ರಿ."

ಅಂದು ಸಂಜೆ ದಾನಮ್ಮ ಮಗನ ಜೇಬಿನಿಂದ ತಾವೇ ಪೆನ್ಸಿಲ್ಲು ಎಳೆದುಕೊಂಡರಂತೆ. ಮಗ ಹೆಂಡತಿಯನ್ನು ಬದಿಗೆ ಕರೆದು, "ಗೆರಿ ಕಮ್ಮಿ ಮಾಡು. ಅವ್ವ ಸಿಟ್ಟಿಗೆದ್ದಳಂದ್ರ ಮುಂದ ನಾ ಪೆನ್ಸಿಲಿನ ಹೆಸರೂ ಕೇಳಂಗಿಲ್ಲ" ಎಂದು ಎಚ್ಚರಿಸಿದರಂತೆ.

ಮರುದಿನ ಕರೆಂಟು ಹೋಗಿದ್ದಾಗ ನಾನು ಡಬ್ಬಿಯೊಂದಿಗೆ ಅಲ್ಲಿದ್ದೆ. ದಾನಮ್ಮ ಹೊರಸಿನ ಮೇಲೆ ನೆಟ್ಟಗೆ ಕುಳಿತಿದ್ದರು. ಅನುಸೂಯಾಬಾಯಿ ದೊಡ್ಡ ಹಾಳೆಯ ಮೇಲೆ ಬರೆಯುತ್ತಿದ್ದರು. ಕಣ್ಣಿನ ಸುತ್ತಲಿನ ಗೆರೆಗಳ ಹತ್ತಿರ ಬಂದಾಗ ಪೆನ್ಸಿಲ್ಲು ನಿಂತಿತು. ಅದನ್ನೊಮ್ಮೆ ನೋಡಿದರು, ಅತ್ತೆಯನ್ನೊಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಇದ್ದ ಗೆರೆಗಳನ್ನೆಲ್ಲ ಇದ್ದಂತೆಯೇ ಬರೆದು, ಹಾಳೆಯನ್ನು ಅತ್ತೆಯ ಕೈಗಿತ್ತು ನಿಂತರು.

ದಾನಮ್ಮ ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ನಮ್ಮತ್ತಿ" ಎಂದರು. "ನೀ ಈ ಮನಿಗೆ ಬರೋದರೊಳಗ ಹೋಗಿದ್ರು. ಒಂದು ಫೋಟೋ ಸುದ್ದಾ ತೆಗಿಸಿದ್ದಿಲ್ಲ. ನಿನಗ ಹ್ಯಾಂಗ ಗೊತ್ತಾತು?"

ದಾನಮ್ಮನವರನ್ನು ಕೊಟ್ಟದ್ದು ಸ್ವಂತ ಸೋದರತ್ತೆಯ ಮನೆಗೆ. ಅತ್ತೆಯೆಂದರೆ ತಂದೆಯ ಒಡಹುಟ್ಟಿದ ಅಕ್ಕ. ಹೋಲಿಕೆ ಇದ್ದಿರಲೂಬಹುದು. ಅನುಸೂಯಾಬಾಯಿ ಬಾಯಿ ತೆರೆದು ನನ್ನ ಕಡೆ ನೋಡಿದರು. ನಾನು ನನ್ನ ಡಬ್ಬಿಯ ಮುಚ್ಚಳ ಸರಿಯಾಗಿದೆಯೇ ಎಂದು ಪರೀಕ್ಷಿಸತೊಡಗಿದೆ.

"ಅಂದಾಜು ಮಾಡಿದೆರಿ" ಎಂದರು ಸೊಸೆ.

ಸಂಜೆ ಮಲ್ಲಿಕಾರ್ಜುನಪ್ಪ ಬಂದು ಹಾಳೆಯನ್ನು ನೋಡಿದ ಕೂಡಲೇ, "ಅವ್ವಾ, ಇದು ನಿಂದೇ..." ಎಂದು ಆರಂಭಿಸಿದರಂತೆ.

"ನಿಮ್ಮಜ್ಜಿ. ಕೈ ಮುಗಿ" ಎಂದರು ದಾನಮ್ಮ.

ಅವರು ಕೈ ಮುಗಿದರು. ಪೆನ್ಸಿಲ್ಲು ಇನ್ನು ಸೊಸೆಯ ಹತ್ತಿರವೇ ಇರತಕ್ಕದ್ದೆಂದು ಅಂದೇ ತೀರ್ಮಾನವಾಯಿತು. ಅಜ್ಜಿಯನ್ನು ತಿರುಗಿ ಮನೆಗೆ ಕರೆತಂದ ಪೆನ್ಸಿಲ್ಲನ್ನು ಗೊಬ್ಬರದ ಅಂಗಡಿಗೆ ಒಯ್ಯುವ ಧೈರ್ಯ ಮೊಮ್ಮಗನಿಗೆ ಇರಲಿಲ್ಲ.

ಈಗ ಆ ಚಿತ್ರ ಕಟ್ಟು ಹಾಕಿಸಿಕೊಂಡು ಗಿರಣಿಯ ಗೋಡೆಯ ಮೇಲಿದೆ. ದಾನಮ್ಮ ಸೋಮವಾರಕ್ಕೊಮ್ಮೆ ಅದರ ಗಾಜಿಗೆ ವಿಭೂತಿ ಹಚ್ಚಿ, ಅದರ ಕೆಳಗೆ ಹೊರಸಿನ ಮೇಲೆ ಕೂಡುತ್ತಾರೆ. ಹಿಟ್ಟಿಗೆ ಬಂದವರು ಮೇಲೆ ನೋಡುತ್ತಾರೆ, ಕೆಳಗೆ ನೋಡುತ್ತಾರೆ, ಡಬ್ಬಿ ಇಟ್ಟು ಸುಮ್ಮನೆ ಹೋಗುತ್ತಾರೆ. ತಮ್ಮ ಗಲ್ಲದ ಗೆರೆಗಳನ್ನು ಇಂದಿಗೂ ಒಪ್ಪದ ಸುಭದ್ರಾಬಾಯಿಯವರು ಕೂಡ ಈ ವಿಷಯದಲ್ಲಿ ಬಾಯಿ ಬಿಟ್ಟಿಲ್ಲ.

ಚೀಟಿಗಳಲ್ಲಿ ಇತ್ತೀಚೆಗೆ ಹೆಸರೇ ಇರುತ್ತದೆ. ಅನುಸೂಯಾಬಾಯಿ ಮುಖಗಳನ್ನು ಬಿಟ್ಟು ಬೆನ್ನುಗಳನ್ನು ಹಿಡಿದಿದ್ದಾರೆ. ಡಬ್ಬಿಯನ್ನು ಸೊಂಟಕ್ಕೋ ಹೆಗಲಿಗೋ ಏರಿಸಿಕೊಂಡು ಮನೆಗೆ ಹೊರಟವರನ್ನು ಬಾಗಿಲಲ್ಲಿ ನಿಂತು ಹಿಂದಿನಿಂದ ಬರೆಯುತ್ತಾರೆ. "ತಮ್ಮ ಬೆನ್ನು ಹ್ಯಾಂಗದ ಅಂತ ಯಾರಿಗೂ ಗೊತ್ತಿಲ್ಲರಿ ಸರ್. ಹಂಗಾಗಿ ತಕರಾರು ಬರಂಗಿಲ್ಲ" ಎನ್ನುತ್ತಾರೆ. ಶಾಕಿರಾ ಬೇಗಂ ತಮ್ಮ ಬೆನ್ನನ್ನು ಕೇಳಿ ಪಡೆದು ಮನೆಯಲ್ಲಿ ಇಟ್ಟುಕೊಂಡಿದ್ದಾರೆ.

ಮೊನ್ನೆ ನಾನು ಡಬ್ಬಿ ಎತ್ತಿಕೊಂಡು ಹೊರಟಾಗ ಹಿಂದಿನಿಂದ ಧ್ವನಿ ಬಂತು. "ತಿರುಗಬ್ಯಾಡ್ರಿ ಸರ್. ಹಂಗೇ ಸಾವಕಾಶ ನಡೀರಿ." ಹಾಗೆಯೇ ಸಾವಕಾಶ ನಡೆದೆ. ಚಿತ್ರ ಮನೆಗೆ ಬಂದಿದೆ. ಕಿವಿಗಳು ಹಿಂದಿನಿಂದಲೂ ಕಾಣುತ್ತವೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.